ಸಾಲು ತಪ್ಪಿದ ಪ್ರತಿ

ಉಪಾಧ್ಯಾಯರಾದವರ ಬಾಯಿಂದ ದಿನವೊಂದಕ್ಕೆ ಹತ್ತಾರು ಸಲ ಹೊರಬೀಳುವ ಮಾತುಗಳಲ್ಲಿ 'ಸೋಮಾರಿ' ಎಂಬುದೂ ಒಂದು. ಅದನ್ನು ಆಡುವಾಗ ನಾವು ಹೆಚ್ಚು ಆಲೋಚಿಸುವುದಿಲ್ಲ. ಲೆಕ್ಕ ಮಾಡಿಕೊಂಡು ಬಾರದವನು ಸೋಮಾರಿ. ಗಂಟೆ ಬಾರಿಸಿದ ಮೇಲೆ ಬಂದವನು ಸೋಮಾರಿ. ಪಾಠದ ನಡುವೆ ರೆಪ್ಪೆ ಇಳಿಸಿದವನಂತೂ ಮಹಾಸೋಮಾರಿ. ಈ ಪದವನ್ನು ನಾವು ಒಬ್ಬ ಹುಡುಗನ ಮೇಲೆ ಎರಡು ವರ್ಷಗಳ ಕಾಲ ಪ್ರಯೋಗಿಸಿದೆವು. ಅದು ಅನ್ಯಾಯವೆಂಬುದನ್ನು ನಮಗೆ ತಿಳಿಸಿಕೊಟ್ಟ ಗುರು, ರೊಟ್ಟಿಯಂಗಡಿಯ ಹಿಟ್ಟಿನಲ್ಲಿರುವ ಯೀಸ್ಟು. ಕೇಳಿದವರಿಗೆ ನಗೆ ಬರಬಹುದು. ಆದರೂ ನಮ್ಮಂತೆಯೇ ಮಕ್ಕಳ ನಡುವೆ ದಿನ ಕಳೆಯುವ ವಾಚಕರಿಗೆ ಈ ವೃತ್ತಾಂತ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇವೆ.

ಕೀಳ್ ಕೋತಗಿರಿಯ ಕಡೆ ಸಮನೆಲವೆಂಬುದು ಅಪರೂಪ. ದಾರಿಯೆಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಆ ಹುಡುಗನ ಮನೆ ಟೀ ತೋಟದ ಕೆಳಗಿನ ಲೈನಿನಲ್ಲಿತ್ತು. ಶಾಲೆಗೆ ಬರಲು ಅವನು ಪೊದೆಗಳ ನಡುವಿನ ಕಾಲುದಾರಿಯನ್ನು ಹತ್ತಬೇಕಾಗಿತ್ತು. ಅವನ ಓರಗೆಯ ಮಕ್ಕಳು ಅದೇ ದಾರಿಯನ್ನು ಓಡಿ ಹತ್ತಿ, ಏದುಸಿರು ಬಿಡುತ್ತ ನಗುತ್ತ ಬರುತ್ತಿದ್ದರು. ಇವನು ಮೂರು ಕಡೆ ಕುಳಿತು ಬರುತ್ತಿದ್ದನು. ತರಗತಿಯಲ್ಲಿ ಕುಳಿತರೆ ಕಣ್ಣಿನ ರೆಪ್ಪೆಗಳು ಅರ್ಧ ಇಳಿದಿರುತ್ತಿದ್ದವು. ಹಲಗೆಯನ್ನು ನೋಡಬೇಕಾದರೆ ಗದ್ದವನ್ನು ಮೇಲೆತ್ತಿ ನೋಡುತ್ತಿದ್ದನು. ಅದು ಉದ್ಧಟತನವೆಂದು ನಾವು ಭಾವಿಸಿದೆವು. "ನಿದ್ದೆ ಮನೆಯಲ್ಲಿ ಮಾಡು, ಇಲ್ಲಿ ಕಣ್ಣು ಬಿಡು" ಎಂದು ಗದರಿದ್ದು ನಮಗೆ ಚೆನ್ನಾಗಿ ನೆನಪಿದೆ. ಅವನು ಗದ್ದವನ್ನು ಇನ್ನಷ್ಟು ಮೇಲೆತ್ತಿದನು. ಮಕ್ಕಳು ನಕ್ಕರು.

ಅವನು ನಮ್ಮ ಶಾಲೆಯನ್ನು ಬಿಟ್ಟು ಹೈಸ್ಕೂಲು ಸೇರಿದ ಮೇಲೆ, ಒಂದು ಸಂಜೆ ಅವನ ತಂದೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕೊಯಮತ್ತೂರಿನ ಆಸ್ಪತ್ರೆಯೊಂದರ ಕಾಗದಗಳು. "ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ, ಓದಿ ಹೇಳಿ. ಡಾಕ್ಟರು ಹೇಳಿದರು, ನಮಗೆ ಅರ್ಥವಾಗಲಿಲ್ಲ" ಎಂದರು. ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವಂತೆ. ಬಳಿಕ ತೊಡೆಯಿಂದ ಒಂದು ಚೂರು ಸ್ನಾಯುವನ್ನು ತೆಗೆದು ಪರೀಕ್ಷಿಸಿದ್ದರು. ಮೈಟೋಕಾಂಡ್ರಿಯದ ಡಿ.ಎನ್.ಎ.ಯಲ್ಲಿ ಒಂದು ದೊಡ್ಡ ಭಾಗ ಬಿಟ್ಟುಹೋಗಿದೆ ಎಂಬುದು ಆ ಕಾಗದದ ಸಾರಾಂಶ. ನಾವು ಓದಿದೆವು, ಅರ್ಥ ಮಾತ್ರ ನಮಗೂ ಆಗಲಿಲ್ಲ. "ಒಂದು ವಾರ ಕೊಡಿ" ಎಂದು ಹೇಳಿ ಕಳುಹಿಸಿದೆವು. ಅವರು ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು: "ಇದು ತಾಯಿಯ ಕಡೆಯಿಂದ ಬರುವ ರೋಗವೆಂದು ಯಾರೋ ಹೇಳಿದರಂತೆ. ಮನೆಯಲ್ಲಿ ನಮ್ಮಮ್ಮ ಅವಳನ್ನು ಮಾತನಾಡಿಸುತ್ತಿಲ್ಲ."

ಆ ಒಂದು ವಾರ ಒಂದು ವರ್ಷವಾಗಿ ಬೆಳೆಯಿತು. ಮೈಟೋಕಾಂಡ್ರಿಯದ ವಿಷಯವನ್ನು ಯಾವ ಪುಸ್ತಕದಲ್ಲಿ ತೆರೆದರೂ ಒಂದಲ್ಲ ಒಂದು ಪುಟದಲ್ಲಿ ಯೀಸ್ಟು ಎದುರಾಗುತ್ತಿತ್ತು. ಹೀಗಾಗಿ ನಾವು ಹುಡುಗನಿಂದ ಹೊರಟು ಯೀಸ್ಟಿನ ಬಳಿ ಹೋಗಿ, ಅಲ್ಲಿಂದ ಮತ್ತೆ ಹುಡುಗನ ಬಳಿಗೆ ಬಂದೆವು.

ಯೀಸ್ಟು ನಮ್ಮ ಬೆಟ್ಟಕ್ಕೆ ಹೊಸದೇನೂ ಅಲ್ಲ. ಬನ್ನು ರೊಟ್ಟಿಗಳನ್ನು ಉಬ್ಬಿಸುವುದು ಅದೇ. ಆದರೆ ಇಲ್ಲಿಯ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಬೇಕು. ಟೀ ಫ್ಯಾಕ್ಟರಿಯಲ್ಲಿ ಹಸಿರೆಲೆಯನ್ನು ಬಾಡಿಸಿ, ಹೊಸೆದು, ಕಂದುಬಣ್ಣ ಬರುವವರೆಗೆ ಹರಡಿಡುವ ಕ್ರಿಯೆಗೂ 'ಫರ್ಮೆಂಟೇಷನ್' ಎಂದೇ ಹೆಸರು. ಅಲ್ಲಿ ಯೀಸ್ಟಿನ ಕೆಲಸವಿಲ್ಲ. ಎಲೆಯ ಕೋಶಗಳು ಜಜ್ಜಿಹೋದಾಗ ಅದರ ರಸವು ಗಾಳಿಯ ಆಮ್ಲಜನಕದೊಡನೆ ಕೂಡಿ ಕಂದಾಗುತ್ತದೆ, ಅಷ್ಟೇ. ನಿಜವಾದ ಹುದುಗುವಿಕೆಯನ್ನು ಜೀವಿಗಳ ಕೆಲಸವೆಂದು ಸ್ಥಾಪಿಸಿದವರಲ್ಲಿ ಅಗ್ರಗಣ್ಯನು ಲೂಯಿ ಪಾಶ್ಚರ್. ೧೯೦೭ರಲ್ಲಿ ನಮ್ಮ ಕೂನೂರಿನಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ಆರಂಭವಾದ ಪಾಶ್ಚರ್ ಸಂಸ್ಥೆಗೆ ಆತನ ಹೆಸರೇ ಇದೆ. ಯೀಸ್ಟು ಗಾಳಿಯಿಲ್ಲದೆಯೂ ಸಕ್ಕರೆಯನ್ನು ಹುದುಗಿಸಿ ಬದುಕಬಲ್ಲುದು, ಗಾಳಿಯಿದ್ದರೆ ಅದೇ ಸಕ್ಕರೆಯಿಂದ ಹೆಚ್ಚು ಬೆಳೆಯಬಲ್ಲುದು ಎಂಬುದನ್ನು ಪಾಶ್ಚರ್ ೧೮೬೧ರಲ್ಲಿ ತೋರಿಸಿದನು. ಅದಕ್ಕೆ ಎರಡು ಒಲೆಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಹುದುಗಿಸುವ ಒಲೆ. ಅದರಿಂದ ಬರುವ ಶಕ್ತಿ ಅಲ್ಪ. ಇನ್ನೊಂದು ಉಸಿರಾಟದ ಒಲೆ. ಅದರ ಶಕ್ತಿ ಬಹಳ. ಈ ಎರಡನೆಯ ಒಲೆ ಇರುವ ಸ್ಥಳವೇ ಕೋಶದೊಳಗಿನ ಮೈಟೋಕಾಂಡ್ರಿಯ. ನಮ್ಮ ಸ್ನಾಯುಗಳಲ್ಲಿಯೂ ಅದೇ ಒಲೆ ಉರಿಯುತ್ತದೆ.

೧೯೪೦ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬೋರಿಸ್ ಎಫ್ರುಸ್ಸಿ ಎಂಬ ವಿಜ್ಞಾನಿ ಯೀಸ್ಟನ್ನು ಸಕ್ಕರೆಯುಳ್ಳ ಆಹಾರದ ಮೇಲೆ ಬೆಳೆಸುತ್ತಿದ್ದನು. ಒಂದೊಂದು ಕೋಶವೂ ಬೆಳೆದು ಒಂದೊಂದು ಚುಕ್ಕೆಯಷ್ಟು ಬಳಗವಾಗುತ್ತಿತ್ತು. ಬಹುಪಾಲು ಬಳಗಗಳು ದೊಡ್ಡವು. ನೂರಕ್ಕೆ ಒಂದೆರಡು ಮಾತ್ರ ಚಿಕ್ಕವು. ಇವಕ್ಕೆ ಆತನು ಫ್ರೆಂಚ್ ಭಾಷೆಯಲ್ಲಿ 'ಚಿಕ್ಕದು' ಎಂಬರ್ಥದ 'ಪೆಟೀಟ್' ಎಂಬ ಹೆಸರಿಟ್ಟನು. ಚಿಕ್ಕ ಬಳಗದಿಂದ ಒಂದು ಕೋಶವನ್ನು ತೆಗೆದು ಬಿತ್ತಿದರೆ ಮತ್ತೆ ಚಿಕ್ಕದೇ ಬರುತ್ತಿತ್ತು; ಎಷ್ಟು ತಲೆಮಾರು ಕಳೆದರೂ ದೊಡ್ಡದಾಗುತ್ತಿರಲಿಲ್ಲ. ಅಕ್ರಿಫ್ಲಾವಿನ್ ಎಂಬ ಬಣ್ಣದ ಔಷಧವನ್ನು ಬೆರೆಸಿದರೆ ಹೆಚ್ಚುಕಡಿಮೆ ಎಲ್ಲ ಸಂತತಿಯೂ ಚಿಕ್ಕದಾಗುತ್ತಿತ್ತು. ಈ ಸಂಗತಿಗಳು ೧೯೪೯ರಲ್ಲಿ ಪ್ರಕಟವಾದವು. ಆತನ ಸಹೋದ್ಯೋಗಿ ಸ್ಲೊನಿಮ್‌ಸ್ಕಿ ಪರೀಕ್ಷಿಸಿ ನೋಡಲಾಗಿ, ಈ ಚಿಕ್ಕ ಬಳಗಗಳಲ್ಲಿ ಉಸಿರಾಟಕ್ಕೆ ಬೇಕಾದ ಕಿಣ್ವಗಳೇ ಇರಲಿಲ್ಲ. ಅವು ಹುದುಗಿಸುವ ಒಲೆಯೊಂದರಿಂದಲೇ ಜೀವ ಹಿಡಿದಿದ್ದವು. ಸಕ್ಕರೆಯ ಬದಲು ಉಸಿರಾಟದಿಂದ ಮಾತ್ರ ಅರಗುವ ಗ್ಲಿಸರಿನ್ನಿನಂಥ ಆಹಾರ ಕೊಟ್ಟರೆ ಅವು ಬೆಳೆಯುತ್ತಲೇ ಇರಲಿಲ್ಲ.

ಇದನ್ನು ಓದಿದ ದಿನ ನಾವು ಪುಸ್ತಕವನ್ನು ಮುಚ್ಚಿಟ್ಟೆವು. ಕಾಲುದಾರಿಯಲ್ಲಿ ಮೂರು ಕಡೆ ಕುಳಿತು ಬರುತ್ತಿದ್ದ ಹುಡುಗ ಕಣ್ಣ ಮುಂದೆ ಬಂದನು. ಸಮನೆಲದಲ್ಲಿ ಅವನಿಗೂ ಉಳಿದವರಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಏರು ಬಂದಾಗ, ಎಂದರೆ ದೊಡ್ಡ ಒಲೆ ಉರಿಯಲೇಬೇಕಾದಾಗ, ಅವನು ಕುಳಿತುಬಿಡುತ್ತಿದ್ದನು.

ಚಿಕ್ಕ ಯೀಸ್ಟು ಕಳೆದುಕೊಂಡದ್ದೇನು? ಚಿಕ್ಕದನ್ನು ಸಹಜವಾದ ಯೀಸ್ಟಿನೊಡನೆ ಕೂಡಿಸಿದಾಗ ಸಂತತಿಯ ಲೆಕ್ಕವು ಮೆಂಡಲನ ನಿಯಮಕ್ಕೆ ಸರಿಹೊಂದಲಿಲ್ಲ. ಆದುದರಿಂದ ಕೋಶಕೇಂದ್ರದ ಹೊರಗೆ ಎಲ್ಲಿಯೋ ಒಂದು ಆನುವಂಶಿಕ ಬರಹ ಇರಬೇಕೆಂದು ಎಫ್ರುಸ್ಸಿ ಊಹಿಸಿದನು. ಆ ಬರಹ ಕಣ್ಣಿಗೆ ಬಿದ್ದದ್ದು ಹದಿನಾಲ್ಕು ವರ್ಷಗಳ ಮೇಲೆ. ೧೯೬೩ರಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ಕೋಳಿಯ ಭ್ರೂಣದ ಮೈಟೋಕಾಂಡ್ರಿಯದಲ್ಲಿ ಡಿ.ಎನ್.ಎ. ಎಳೆಗಳನ್ನು ಕಂಡರು, ೧೯೬೪ರಲ್ಲಿ ವಿಯೆನ್ನಾದಲ್ಲಿ ಗಾಟ್‌ಫ್ರೀಡ್ ಷಾಟ್ಸ್ ಮತ್ತು ಸಂಗಡಿಗರು ಯೀಸ್ಟಿನಲ್ಲಿಯೂ ಅದನ್ನು ಕಂಡರು. ಮನುಷ್ಯನ ಈ ಬರಹದಲ್ಲಿ ೧೬,೫೬೯ ಅಕ್ಷರಜೋಡಿಗಳಿವೆ. ಯೀಸ್ಟಿನದರಲ್ಲಿ ಸುಮಾರು ೮೫,೦೦೦. ಇದು ಕೋಶಕೇಂದ್ರದ ಮಹಾಗ್ರಂಥದ ಮುಂದೆ ಒಂದು ಕಿರುಹೊತ್ತಗೆ. ಯೀಸ್ಟಿನ ಮೈಟೋಕಾಂಡ್ರಿಯಕ್ಕೆ ಸುಮಾರು ಸಾವಿರ ಬಗೆಯ ಪ್ರೋಟೀನುಗಳು ಬೇಕು. ಈ ಕಿರುಹೊತ್ತಗೆಯಲ್ಲಿ ಬರೆದಿರುವುದು ಅವುಗಳಲ್ಲಿ ಎಂಟರ ವಿವರ ಮಾತ್ರ. ಆದರೆ ಆ ಎಂಟರಲ್ಲಿ ಏಳು, ಉಸಿರಾಟದ ಒಲೆಯ ಮುಖ್ಯ ಕಲ್ಲುಗಳೇ ಆಗಿವೆ. ಅವಿಲ್ಲದೆ ಒಲೆ ನಿಲ್ಲದು.

ಒಲೆಯ ಪಕ್ಕದಲ್ಲಿಯೇ ಪುಸ್ತಕವಿಟ್ಟರೆ ಅದಕ್ಕೆ ಮಸಿ ಹಿಡಿಯದೆ ಇದ್ದೀತೆ? ಉಸಿರಾಟದ ವೇಳೆ ಚಿಮ್ಮುವ ಆಮ್ಲಜನಕದ ಉಗ್ರ ಕಣಗಳು ಅಕ್ಷರಗಳನ್ನು ಕೆಡಿಸುತ್ತಲೇ ಇರುತ್ತವೆ. ಹಾಗಿದ್ದರೂ ಯೀಸ್ಟು ಈ ಬರಹವನ್ನು ಅನೇಕ ಕೋಟಿ ವರ್ಷಗಳಿಂದ ಉಳಿಸಿಕೊಂಡು ಬಂದಿದೆ. ಅದು ಹೇಗೆ ಎಂಬುದೇ ಸೋಜಿಗ.

ಇಲ್ಲಿ ಕನ್ನಡದ ಓಲೆಗರಿಗಳನ್ನು ನೆನೆದುಕೊಂಡರೆ ವಿಷಯ ಸುಲಭವಾಗುತ್ತದೆ. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದಂಥ ಕಡೆಗಳಲ್ಲಿ ಓಲೆಯ ಕಟ್ಟುಗಳನ್ನು ಕಾಪಾಡುವುದಕ್ಕೆ ನಾಲ್ಕು ಬಗೆಯ ಕೆಲಸ ಬೇಕು: ಕಟ್ಟನ್ನು ಭದ್ರವಾಗಿ ಸುತ್ತಿಡಬೇಕು; ಜೀರ್ಣವಾದುದನ್ನು ಹೊಸದಾಗಿ ಪ್ರತಿಮಾಡಬೇಕು; ಕೆಟ್ಟ ಅಕ್ಷರವನ್ನು ತಿದ್ದಬೇಕು; ಒಂದು ಗರಿ ಮುರಿದಿದ್ದರೆ ಇನ್ನೊಂದು ಪ್ರತಿಯೊಡನೆ ಹೋಲಿಸಿ ಪಾಠವನ್ನು ತುಂಬಬೇಕು. ಯೀಸ್ಟು ಮಾಡುವುದೂ ಈ ನಾಲ್ಕನ್ನೇ.

ಮೊದಲನೆಯದು ಸುತ್ತಿಡುವುದು. ಎ.ಬಿ.ಎಫ್. ೨ ಎಂಬ ಪ್ರೋಟೀನು ಡಿ.ಎನ್.ಎ.ಯನ್ನು ಹಿಡಿದು, ಮಡಿಸಿ, ಚಿಕ್ಕ ಚಿಕ್ಕ ಗಂಟುಗಳನ್ನಾಗಿ ಮಾಡುತ್ತದೆ. ಈ ಪ್ರೋಟೀನು ಇಲ್ಲದ ಯೀಸ್ಟನ್ನು ಸಕ್ಕರೆಯಲ್ಲಿ ಬೆಳೆಸಿದರೆ ಬಲುಬೇಗ ಬರಹವೇ ಕಳೆದುಹೋಗುತ್ತದೆ. ಎರಡನೆಯದು ಪ್ರತಿಮಾಡುವುದು. ಇದು ಎಂ.ಐ.ಪಿ. ೧ ಎಂಬ ಲಿಪಿಕಾರನ ಕೆಲಸ. ಈತನು ಅಕ್ಷರ ಬರೆದೊಡನೆಯೇ ಹಿಂತಿರುಗಿ ನೋಡಿ, ತಪ್ಪಿದ್ದರೆ ಅಳಿಸಿ ಮತ್ತೆ ಬರೆಯುತ್ತಾನೆ. ಹಿಂತಿರುಗಿ ನೋಡುವ ಈ ಗುಣವನ್ನು ಕೆಡಿಸಿದರೆ ತಪ್ಪುಗಳು ನೂರಾರು ಪಟ್ಟು ಹೆಚ್ಚುತ್ತವೆ. ಮನುಷ್ಯನಲ್ಲಿಯೂ ಇದೇ ವಂಶದ ಲಿಪಿಕಾರನಿದ್ದಾನೆ. ಅವನ ದೋಷಗಳಿಂದ ಬರುವ ರೋಗಗಳನ್ನು ಯೀಸ್ಟಿನಲ್ಲಿಯೇ ಪರೀಕ್ಷಿಸಿ ನೋಡುವುದುಂಟು. ಮೂರನೆಯದು ತಿದ್ದುವುದು. ಉಗ್ರ ಆಮ್ಲಜನಕ ತಗುಲಿ ಕೆಟ್ಟ 'ಜಿ' ಅಕ್ಷರವನ್ನು ಕಿತ್ತುಹಾಕುವವನೊಬ್ಬ, 'ಸಿ' ಅಕ್ಷರ ಕೆಟ್ಟು 'ಯು' ಆಗಿದ್ದರೆ ಅದನ್ನು ತೆಗೆಯುವವನೊಬ್ಬ, ಹೀಗೆ ಒಂದೊಂದು ದೋಷಕ್ಕೆ ಒಬ್ಬೊಬ್ಬನಿದ್ದಾನೆ. ತೆಗೆದ ಸ್ಥಳದಲ್ಲಿ ಎದುರಿನ ಎಳೆಯನ್ನು ನೋಡಿ ಸರಿಯಾದ ಅಕ್ಷರವನ್ನು ತುಂಬಲಾಗುತ್ತದೆ. ನಾಲ್ಕನೆಯದು ಹೋಲಿಸುವುದು. ಕೋಶವೊಂದರಲ್ಲಿ ಈ ಹೊತ್ತಗೆಯ ಹತ್ತಾರು ಪ್ರತಿಗಳಿರುತ್ತವೆ. ಯೀಸ್ಟಿನ ಮೈಟೋಕಾಂಡ್ರಿಯಗಳು ಆಗಾಗ ಒಂದರೊಳಗೊಂದು ಸೇರಿಕೊಳ್ಳುವುದರಿಂದ ಪ್ರತಿಗಳು ಪಕ್ಕಪಕ್ಕಕ್ಕೆ ಬರುತ್ತವೆ. ಒಂದರ ಎಳೆ ಮುರಿದರೆ ಇನ್ನೊಂದನ್ನು ಮಾದರಿಯಾಗಿಟ್ಟುಕೊಂಡು ಅದನ್ನು ಕೂಡಿಸಲಾಗುತ್ತದೆ. ಎಂ.ಜಿ.ಎಂ. ೧೦೧ ಎಂಬ ಪ್ರೋಟೀನು ಈ ಕೆಲಸದಲ್ಲಿ ಮುಖ್ಯ. ಅದಿಲ್ಲದ ಯೀಸ್ಟು ತನ್ನ ಕಿರುಹೊತ್ತಗೆಯನ್ನು ಉಳಿಸಿಕೊಳ್ಳಲಾರದು.

ಈ ಲಿಪಿಕಾರರ, ತಿದ್ದುವವರ, ಹೋಲಿಸುವವರ ವಿವರ ಕಿರುಹೊತ್ತಗೆಯಲ್ಲಿ ಇಲ್ಲವೇ ಇಲ್ಲ. ಅದು ಕೋಶಕೇಂದ್ರದ ಮಹಾಗ್ರಂಥದಲ್ಲಿದೆ. ಅವರು ಕೇಂದ್ರದ ಆಜ್ಞೆಯಂತೆ ಹೊರಗೆ ತಯಾರಾಗಿ, ಮೈಟೋಕಾಂಡ್ರಿಯದ ಬಾಗಿಲು ದಾಟಿ ಒಳಗೆ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿ'ಸಿಲ್ವ ಅವರ ಪ್ರಯೋಗಶಾಲೆ, ಪ್ರೋಟೀನುಗಳು ಈ ಬಾಗಿಲನ್ನು ದಾಟುವ ಬಗೆಯನ್ನು ಯೀಸ್ಟಿನಲ್ಲಿಯೇ ಅಧ್ಯಯನ ಮಾಡಿದೆ. ಅದೇ ಸಂಸ್ಥೆಯಲ್ಲಿ ೧೯೪೦ರ ದಶಕದಷ್ಟು ಹಿಂದೆಯೇ ಎಂ. ಕೆ. ಸುಬ್ರಹ್ಮಣ್ಯಂ ಎಂಬವರು ಯೀಸ್ಟಿನ ಕೋಶಕೇಂದ್ರವನ್ನು ಸೂಕ್ಷ್ಮದರ್ಶಕದಲ್ಲಿ ಶೋಧಿಸುತ್ತಿದ್ದರು.

ಇಷ್ಟೊಂದು ಕಾವಲಿದ್ದರೂ ಒಂದು ಭಾಗಕ್ಕೆ ಭಾಗವೇ ಬಿಟ್ಟುಹೋಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ನಮಗೆ ಪುಸ್ತಕದಲ್ಲಿ ಓದುವ ಮುಂಚೆಯೇ ತರಗತಿಯಲ್ಲಿ ಸಿಕ್ಕಿತ್ತು, ಗುರುತಿಸಿರಲಿಲ್ಲ, ಅಷ್ಟೇ. ಮೂರನೆಯ ತರಗತಿಯ ಮಕ್ಕಳಿಗೆ ಪಾಠವನ್ನು ನೋಡಿ ಬರೆಯಲು ಹೇಳಿದಾಗ ಒಂದು ಬಗೆಯ ತಪ್ಪನ್ನು ಎಲ್ಲ ಉಪಾಧ್ಯಾಯರೂ ಕಂಡಿರುತ್ತಾರೆ. ಎರಡನೆಯ ಸಾಲಿನಲ್ಲಿ 'ಆಗ ರಾಜನು' ಎಂದಿದೆ. ಆರನೆಯ ಸಾಲಿನಲ್ಲಿಯೂ 'ಆಗ ರಾಜನು' ಎಂದಿದೆ. ಮಗು ಮೊದಲನೆಯ 'ಆಗ ರಾಜನು' ಬರೆದು, ತಲೆಯೆತ್ತಿ, ಎರಡನೆಯದರ ಮೇಲೆ ಕಣ್ಣಿಟ್ಟು ಮುಂದುವರಿಸುತ್ತದೆ. ನಡುವಣ ನಾಲ್ಕು ಸಾಲು ಮಾಯ! ಬರಹ ದುಂಡಾಗಿಯೇ ಇರುತ್ತದೆ. ಕಾಗುಣಿತ ಒಂದೂ ತಪ್ಪಿರುವುದಿಲ್ಲ. ಹಳೆಯ ಲಿಪಿಕಾರರೂ ಇದೇ ತಪ್ಪನ್ನು ಮಾಡಿದ್ದಾರೆಂಬುದು ಗ್ರಂಥಸಂಪಾದನೆ ಮಾಡುವವರಿಗೆಲ್ಲ ತಿಳಿದ ವಿಷಯ.

ಮೈಟೋಕಾಂಡ್ರಿಯದಲ್ಲಿ ನಡೆಯುವುದೂ ಇದೇ. ಯೀಸ್ಟಿನ ಕಿರುಹೊತ್ತಗೆಯಲ್ಲಿ 'ಎ' ಮತ್ತು 'ಟಿ' ಅಕ್ಷರಗಳೇ ಬಹುಪಾಲು. ನಡುನಡುವೆ 'ಜಿ' ಮತ್ತು 'ಸಿ' ಹೆಚ್ಚಾಗಿರುವ, ಒಂದನ್ನೊಂದು ಹೋಲುವ ಚಿಕ್ಕ ತುಣುಕುಗಳಿವೆ. ಒಂದು ತುಣುಕಿನಿಂದ ಅದರಂತೆಯೇ ಇರುವ ಇನ್ನೊಂದಕ್ಕೆ ಕೂಡಿಕೆ ಜಿಗಿದರೆ ನಡುವಣದೆಲ್ಲ ಹೋಯಿತು. ಮುರಿದುದನ್ನು ಕೂಡಿಸುವ ವಿದ್ಯೆಯೇ ಇಲ್ಲಿ ಗುರಿ ತಪ್ಪಿ ಬಿಟ್ಟುಹೋಗುವುದಕ್ಕೆ ಕಾರಣವಾಗುತ್ತದೆ. ಮನುಷ್ಯರಲ್ಲಿ ಹೀಗೆ ಬಿಟ್ಟುಹೋಗಿರುವುದನ್ನು ರೋಗಿಗಳ ಸ್ನಾಯುಗಳಲ್ಲಿ ೧೯೮೮ರಲ್ಲಿ ಕಂಡುಹಿಡಿದರು. ಹೆಚ್ಚಾಗಿ ಕಾಣುವ ಒಂದು ಲೋಪದಲ್ಲಿ ೪,೯೭೭ ಅಕ್ಷರಜೋಡಿಗಳು ಇರುವುದಿಲ್ಲ. ಆ ಲೋಪದ ಎರಡು ಅಂಚುಗಳಲ್ಲಿ ೧೩ ಅಕ್ಷರಗಳ ಒಂದೇ ಮಾತು ಎರಡು ಸಲ ಬರೆದಿರುತ್ತದೆ. ನಮ್ಮ 'ಆಗ ರಾಜನು' ಎಂಬುದರಂತೆಯೇ! ಭಾರತೀಯ ವಿಜ್ಞಾನ ಸಂಸ್ಥೆಯ ಸತೀಸ್ ರಾಘವನ್ ಮತ್ತು ಸಂಗಡಿಗರು ೨೦೧೬ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದಕ್ಕೆ ಹೊಂದುತ್ತದೆ. ಸಸ್ತನಿಗಳ ಮೈಟೋಕಾಂಡ್ರಿಯದಲ್ಲಿ ಮುರಿದ ತುದಿಗಳು ಇಂಥ ಚಿಕ್ಕ ಸಮಾನ ತುಣುಕುಗಳ ಆಧಾರದಿಂದ ಕೂಡಿಕೊಳ್ಳುತ್ತವೆ, ಆಗ ನಡುವಣ ಭಾಗ ಕಳೆದುಹೋಗುತ್ತದೆ ಎಂದು ಅವರು ತೋರಿಸಿದ್ದಾರೆ.

ಸಾಲು ತಪ್ಪಿದ ಪ್ರತಿ ಒಂದೇ ಇದ್ದರೆ ಬಾಧೆಯಿಲ್ಲ. ಪಕ್ಕದಲ್ಲಿ ಸರಿಯಾದ ಪ್ರತಿಗಳು ಬೇಕಾದಷ್ಟಿವೆ. ಆದರೆ ಕೆಲವು ಚಿಕ್ಕ ಪ್ರತಿಗಳು ಬೇಗ ಬೇಗ ನಕಲಾಗಿ, ಪೂರ್ಣ ಪ್ರತಿಗಳನ್ನು ಹಿಂದಕ್ಕೆ ತಳ್ಳುತ್ತವೆ. ಯೀಸ್ಟಿನಲ್ಲಿ ಮೊಗ್ಗೊಡೆದು ಮರಿಕೋಶ ಹುಟ್ಟುವಾಗ ತಾಯಿಕೋಶದಿಂದ ಯಾವ ಪ್ರತಿಗಳು ಅದಕ್ಕೆ ಸಾಗಿಹೋಗುತ್ತವೆಯೋ ಅವೇ ಅದರ ಪಾಲಿನ ಆಸ್ತಿ. ಕೆಲವು ತಲೆಮಾರುಗಳಲ್ಲಿ ಒಂದು ಶಾಖೆಯಲ್ಲಿ ಪೂರ್ಣ ಪ್ರತಿಯೇ ಉಳಿಯದೆ ಹೋಗಬಹುದು. ಒಮ್ಮೆ ಕೊನೆಯ ಪೂರ್ಣ ಪ್ರತಿ ಹೋಯಿತೆಂದರೆ ಕೋಶವು ಅದನ್ನು ತಾನಾಗಿ ಬರೆದುಕೊಳ್ಳಲಾರದು. ಬರಹವುಳ್ಳ ಇನ್ನೊಂದು ಕೋಶದೊಡನೆ ಕೂಡಿದರೆ ಮಾತ್ರ ಮರಳಿ ಸಿಕ್ಕೀತು. ಮನುಷ್ಯನ ಸ್ನಾಯುವಿನಲ್ಲಿ ಸಾಲು ತಪ್ಪಿದ ಪ್ರತಿಗಳು ಅರ್ಧಕ್ಕಿಂತ ಹೆಚ್ಚಾದಾಗ ಒಲೆ ಕುಗ್ಗತೊಡಗುತ್ತದೆ. ಎಡೆಬಿಡದೆ ದುಡಿಯುವ ಕಣ್ಣಿನ ಮತ್ತು ರೆಪ್ಪೆಯ ಸ್ನಾಯುಗಳಲ್ಲಿ ಅದು ಮೊದಲು ಕಾಣುತ್ತದೆ. ಬೇಗ ಬೇಗ ಹೊಸದಾಗುವ ರಕ್ತಕಣಗಳಲ್ಲಿ ಇಂಥ ಪ್ರತಿಗಳು ಕ್ರಮೇಣ ಕಡಿಮೆಯಾಗುತ್ತ ಬರುತ್ತವೆ. ರಕ್ತಪರೀಕ್ಷೆಯಲ್ಲಿ ಸಿಕ್ಕದ್ದು ಸ್ನಾಯುವಿನಲ್ಲಿ ಸಿಕ್ಕಿದ್ದರ ಮರ್ಮ ಹೀಗೆ ಬಿಡಿಸಿಕೊಂಡಿತು.

ಇನ್ನು ತಾಯಿಯ ವಿಚಾರ. ಮನುಷ್ಯನಿಗೆ ಈ ಕಿರುಹೊತ್ತಗೆ ತಾಯಿಯಿಂದಲೇ ಬರುತ್ತದೆ ಎಂಬುದು ನಿಜ; ತಾಯಿಯಿಂದ ಮಕ್ಕಳಿಗೆ ಸಾಗುವ ಮೈಟೋಕಾಂಡ್ರಿಯದ ರೋಗಗಳೂ ಇವೆ. ಆದರೆ ಆ ಹುಡುಗನಲ್ಲಿದ್ದಂಥ, ಒಂದೇ ಒಂದು ದೊಡ್ಡ ಭಾಗ ಬಿಟ್ಟುಹೋಗುವ ಬಗೆಯು ಬಹುಮಟ್ಟಿಗೆ ವಂಶದಿಂದ ಬರುವುದಲ್ಲ. ಅಂಡದಲ್ಲಿಯೋ ಭ್ರೂಣದ ಆರಂಭದಲ್ಲಿಯೋ ಹೊಸದಾಗಿ, ಯಾರ ತಪ್ಪೂ ಇಲ್ಲದೆ, ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಿಗಿದಂತೆ ಅದು ಆಗಿಬಿಡುತ್ತದೆ. ಇದನ್ನು ಓದಿದ ಮೇಲೂ ನಾವು ಆತುರಪಡಲಿಲ್ಲ. ತಂದೆಯನ್ನು ಕರೆದುಕೊಂಡು ಕೊಯಮತ್ತೂರಿಗೆ ಹೋಗಿ, ಅದೇ ವೈದ್ಯರನ್ನು ಕಂಡು ಕೇಳಿದೆವು. ಅವರೂ ಹಾಗೆಯೇ ಹೇಳಿದರು. ರೋಗವನ್ನು ಪೂರ್ತಿಯಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲವೆಂದೂ, ಹೃದಯದ ಬಡಿತವನ್ನು ಆಗಾಗ ತಪ್ಪದೆ ಪರೀಕ್ಷಿಸುತ್ತಿರಬೇಕೆಂದೂ ತಿಳಿಸಿದರು.

ಹಿಂತಿರುಗಿದ ಸಂಜೆ ಆ ಲೈನ್ ಮನೆಗೆ ಹೋದೆವು. ರಂಗಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಏರಿಬರುತ್ತಿತ್ತು. ಅಜ್ಜಿ ಒಲೆಯ ಮುಂದೆ, ತಾಯಿ ಬಾಗಿಲ ಬಳಿ ಕುಳಿತಿದ್ದರು. ಡಿ.ಎನ್.ಎ. ಎಂಬ ಮಾತನ್ನು ನಾವು ಎತ್ತಲಿಲ್ಲ. ಹುಡುಗನ ತಂಗಿಯ ನಕಲು ಪುಸ್ತಕವನ್ನು ತರಿಸಿ, ಅವಳು ಸಾಲು ತಪ್ಪಿಸಿ ಬರೆದಿದ್ದ ಪುಟವನ್ನು ತೋರಿಸಿದೆವು. "ಅಜ್ಜಿ, ಪುಸ್ತಕ ಸರಿಯಾಗಿಯೇ ಇದೆ, ನೋಡಿ. ಬರೆಯುವಾಗ ಕಣ್ಣು ಜಿಗಿದಿದೆ. ಪುಸ್ತಕವನ್ನು ಬಯ್ದರೆ ಏನು ಬಂತು?" ಎಂದೆವು. ಅಜ್ಜಿ ಬಹಳ ಹೊತ್ತು ಪುಟವನ್ನೇ ನೋಡಿದರು; ಅವರಿಗೆ ಓದು ಬಾರದು. ತಾಯಿ ಮಾತ್ರ, "ಮೇಷ್ಟ್ರೇ, ಹಾಗಾದರೆ ಇವಳಿಗೆ?" ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು. "ಭಯ ಬಹಳ ಕಡಿಮೆ ಎಂದು ಡಾಕ್ಟರು ಹೇಳಿದ್ದಾರೆ ತಾಯಿ" ಎಂದೆವು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಎದ್ದು ಎರಡು ಲೋಟ ಟೀ ತಂದರು. ಒಂದನ್ನು ನಮಗೆ ಕೊಟ್ಟು, ಇನ್ನೊಂದನ್ನು ಸೊಸೆಯ ಮುಂದೆ ಇಟ್ಟರು.

ಹುಡುಗನು ಒಳಗಿನಿಂದ ಬಂದು, ಗದ್ದವನ್ನು ಮೇಲೆತ್ತಿ ನಮ್ಮನ್ನು ನೋಡಿದನು. ನಾವು ಅವನಿಗೆ ಹೇಳಬೇಕಾದ ಮಾತೊಂದಿತ್ತು. "ನಿನ್ನನ್ನು ಸೋಮಾರಿ ಎಂದು ಕರೆದದ್ದು ನಮ್ಮ ತಪ್ಪು" ಎಂದು, ತಂದೆತಾಯಿಗಳ ಎದುರಿಗೇ ಹೇಳಿದೆವು. ಅವನು, "ಪರವಾಗಿಲ್ಲ ಸಾರ್, ಆಗ ನನಗೂ ಹಾಗೆಯೇ ಅನ್ನಿಸುತ್ತಿತ್ತು" ಎಂದನು. ಆ ಉತ್ತರವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ನಾವು ಬೈದದ್ದಕ್ಕಿಂತಲೂ, ಅವನು ಅದನ್ನು ನಂಬಿದ್ದು ಹೆಚ್ಚಿನ ಹಾನಿ.

ಈಗ ನಮ್ಮ ತರಗತಿಯಲ್ಲಿ ಗಂಟೆ ಬಾರಿಸಿದ ಮೇಲೆ ಬರುವ ಮಕ್ಕಳನ್ನು ಮೊದಲು ಕೂಡಿಸಿ, ಉಸಿರು ತಹಬಂದಿಗೆ ಬಂದ ಮೇಲೆ ಕಾರಣ ಕೇಳುತ್ತೇವೆ. ಹೆಚ್ಚಿನವರು ದಾರಿಯಲ್ಲಿ ಆಟವಾಡಿಯೇ ತಡಮಾಡಿರುತ್ತಾರೆ. ಅವರಿಗೆ ಸಲ್ಲಬೇಕಾದುದು ಸಲ್ಲುತ್ತದೆ. ನಕಲು ಪುಸ್ತಕ ತಿದ್ದುವಾಗ ಮಾತ್ರ ಒಂದು ಅಭ್ಯಾಸ ಬಂದುಬಿಟ್ಟಿದೆ. ಸಾಲು ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯುವುದಕ್ಕೆ ಮುಂಚೆ, ಮೂಲವನ್ನು ತೆರೆದು, ಕಣ್ಣು ಎಲ್ಲಿಂದ ಎಲ್ಲಿಗೆ ಜಿಗಿದಿದೆ ಎಂದು ಹುಡುಕುತ್ತೇವೆ. ಬಹಳ ಸಲ ಎರಡು ಕಡೆಯೂ ಒಂದೇ ಮಾತು ಇರುತ್ತದೆ.